ನಾಲ್ಕನೆಯ ಜಯರಾಮ

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ, ಅಡ್ಯಾರಿನ ಹಳೆಯ ಫ್ಲ್ಯಾಟೊಂದರ ನೆಲಮಹಡಿಯಲ್ಲಿ, ರಂಜನಿ ಚಂದ್ರಮತಿಯಮ್ಮನ ಮಂಡಿಯನ್ನು ಮಡಚಿ ನೀಡಿಸುತ್ತಿದ್ದಳು. ಎಣಿಕೆ ಹನ್ನೆರಡಕ್ಕೆ ಬಂದಿತ್ತು. ಅಷ್ಟರಲ್ಲಿ ಕರೆಗಂಟೆ ಒಂದೇ ಉಸಿರಿಗೆ ಮೂರು ಸಲ ಬಡಿಯಿತು.

"ಯಾರೋ ಪುಣ್ಯಾತ್ಮರು ನನ್ನ ಕಾಲು ಬಿಡಿಸಿದರು. ಹೋಗಿ ತೆಗಿ ಮಾ," ಎಂದರು ಚಂದ್ರಮತಿಯಮ್ಮ.

ಬಾಗಿಲಲ್ಲಿ ವಂದನಾ ನಿಂತಿದ್ದರು. ನುಂಗಂಬಾಕ್ಕಂನಲ್ಲಿರುವ ಕನ್ನಡ ಬಳಗದ ಕಾರ್ಯದರ್ಶಿ. ಉಟ್ಟಿದ್ದು ರೇಷ್ಮೆ ಸೀರೆ, ಆದರೆ ತಲೆ ಬಾಚಿರಲಿಲ್ಲ.

"ಅಮ್ಮಾ, ನಮ್ಮ ಮರ್ಯಾದೆ ಉಳಿಸಬೇಕು ನೀವು. ಸಂಜೆ ಆರಕ್ಕೆ ಸಮಾರಂಭ. ಅಷ್ಟರೊಳಗೆ ಒಂದು ಹಳೇ ನೋಟುಪುಸ್ತಕ ಸಿಗಬೇಕು. ಸಿಗದಿದ್ದರೆ ಒಬ್ಬ ಬಡ ಹೆಂಗಸನ್ನ ಪೊಲೀಸರಿಗೆ ಒಪ್ಪಿಸ್ತಾರೆ. ಆಕೆ ಕದ್ದಿದ್ದಾಳೆ ಅಂತ ನನಗೆ ಅನ್ನಿಸ್ತಾ ಇಲ್ಲ."

ಚಂದ್ರಮತಿಯಮ್ಮ ಪತ್ತೇದಾರರೆಂದು ಎಲ್ಲಿಯೂ ಫಲಕ ಹಾಕಿಕೊಂಡವರಲ್ಲ. ಅಂಚೆ ಇಲಾಖೆಯಲ್ಲಿ, ವಿಳಾಸ ಪತ್ತೆಯಾಗದ ಕಾಗದಗಳು ಬಂದು ಬೀಳುವ ಕಚೇರಿಯಲ್ಲಿ, ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವರು. ನೀರಲ್ಲಿ ನೆಂದ, ಅರ್ಧ ಹರಿದ, 'ಚಿಕ್ಕಪ್ಪನಿಗೆ, ಮದರಾಸು' ಎಂದಷ್ಟೇ ಬರೆದ ಲಕೋಟೆಗಳನ್ನು ಆ ಚಿಕ್ಕಪ್ಪನ ಮನೆಗೇ ಮುಟ್ಟಿಸಿದವರು. ನಿವೃತ್ತಿಯಾದ ಮೇಲೆ ಲಕೋಟೆಗಳ ಬದಲು ಜನ ಬರತೊಡಗಿದರು. ರಂಜನಿ ಮೈಸೂರಿನಿಂದ ಬಂದು ನಾಲ್ಕು ವರ್ಷವಾಗಿತ್ತು. ಫಿಸಿಯೋಥೆರಪಿ ಮಾಡುವ ಅವಳು ಮೇಲಿನ ಫ್ಲ್ಯಾಟಿನಿಂದ ಮಂಡಿ ನೋಡಲು ಇಳಿದು ಬಂದವಳು. ಈಗ ಅಮ್ಮನಿಗೆ ಕಾರಿನ ಚಾಲಕಿ, ಕೈಗೋಲು, ಒಮ್ಮೊಮ್ಮೆ ಕಣ್ಣೂ ಆಗಿದ್ದಳು.

ವಂದನಾ ಒಂದು ಲೋಟ ನೀರು ಕುಡಿದು ವಿಷಯ ಹೇಳಿದರು.

ಬಳಗದವರು ಈ ಸಲ 'ಒಂದು ಹೆಸರು, ಮೂರು ಹಿರಿಮೆ' ಎಂಬ ಪ್ರದರ್ಶನ ಏರ್ಪಡಿಸಿದ್ದರು. ಮದರಾಸಿನ ಕನ್ನಡಿಗರಲ್ಲಿ ಹೆಸರು ಮಾಡಿದ ಮೂವರು ಎಂ. ಜಯರಾಮರು ಇದ್ದರು. ಒಬ್ಬರು ಎಪ್ಪತ್ತರ ದಶಕದಲ್ಲಿ ಮದರಾಸಿನ ಫುಟ್‌ಬಾಲ್ ತಂಡಕ್ಕೆ ಗೋಲ್‌ಕೀಪರ್ ಆಗಿದ್ದವರು. ಎಂಬತ್ತರ ಅಂಚಿನಲ್ಲಿ ಇನ್ನೂ ಗಟ್ಟಿಯಾಗಿದ್ದರು. ಇನ್ನೊಬ್ಬರು ಹಳ್ಳಿಹಳ್ಳಿ ಅಲೆದು ಪುಕ್ಕಟೆಯಾಗಿ ಕಣ್ಣಿನ ಆಪರೇಷನ್ ಮಾಡಿದ ಡಾಕ್ಟರು. ತೀರಿಕೊಂಡಿದ್ದರು, ಮಕ್ಕಳು ಕೊಯಮತ್ತೂರಿನಿಂದ ಫೋಟೋ ಕಳಿಸಿದ್ದರು ಅಷ್ಟೆ. ಮೂರನೆಯವರು ಪ್ರೊಫೆಸರ್ ಜಯರಾಮ. ಮೀನುಗಾರರಿಗಾಗಿ 'ಅಲೆದೀಪ' ರೂಪಿಸಿದವರು. ಸೊಂಟಕ್ಕೆ ಕಟ್ಟಿಕೊಳ್ಳುವ ಚಿಕ್ಕ ದೀಪ; ಕಡಲಿಗೆ ಬಿದ್ದು ಉಪ್ಪುನೀರು ತಾಗಿದರೆ ತಾನೇ ಹತ್ತಿಕೊಳ್ಳುತ್ತದೆ. ದೋಣಿಯಿಂದ ಬಿದ್ದವನು ಎಲ್ಲಿದ್ದಾನೆಂದು ಕತ್ತಲಲ್ಲೂ ಕಾಣುತ್ತದೆ. ಅದರಿಂದ ಉಳಿದ ಜೀವಗಳಿಗೆ ಲೆಕ್ಕವಿರಲಿಲ್ಲ.

"ಆ ದೀಪದ ಮೊದಲ ಚಿತ್ರಗಳಿದ್ದ ನೋಟುಪುಸ್ತಕವನ್ನ ಪ್ರೊಫೆಸರರ ಮಗ ಗಿರಿಧರ್ ಪ್ರದರ್ಶನಕ್ಕೆ ಕೊಟ್ಟಿದ್ದರು," ಎಂದರು ವಂದನಾ. "ನಿನ್ನೆ ಮೂರು ಗಂಟೆಗೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿದೆವು. ಇವತ್ತು ಬೆಳಿಗ್ಗೆ ಏಳಕ್ಕೆ ನೋಡಿದರೆ ಬೀಗ ಹಾಗೇ ಇದೆ, ಪುಸ್ತಕ ಇಲ್ಲ. ಪಕ್ಕದಲ್ಲೇ ಇದ್ದ ಬೆಳ್ಳಿ ಪದಕ ಮುಟ್ಟಿಲ್ಲ."

"ಆ ಹೆಂಗಸು ಯಾರು?"

"ಸಂಜೆ ಐದೂವರೆಗೆ ಬಂದವಳು. ಪೆಟ್ಟಿಗೆ ಮುಂದೆ ನಿಂತು ಗಳಗಳ ಅತ್ತಳು. ಏನಮ್ಮಾ ಅಂತ ಕೇಳಿದರೆ ಅಳುವಿನ ಭರದಲ್ಲಿ ತಮಿಳಿನಲ್ಲಿ ಬಡಬಡ ಅಂತ ಏನೇನೋ ಹೇಳಿದಳು. ನನಗೆ 'ಅಪ್ಪ' ಅನ್ನೋದು, 'ಕಾಸಿಮೇಡು' ಅನ್ನೋದು, 'ಇಡ್ಲಿ ಅಂಗಡಿ' ಅನ್ನೋದು, ಮೂರೇ ತಿಳಿದಿದ್ದು. ಅಭಿಪ್ರಾಯ ಪುಸ್ತಕದಲ್ಲಿ ಏನೋ ಬರೆದು ಆರು ಗಂಟೆಗೆ ಹೊರಟಳು. ಬೆಳಿಗ್ಗೆ ನೋಡಿದರೆ ಆ ಹಾಳೆಯೂ ಹರಿದುಹೋಗಿದೆ."

ಚಂದ್ರಮತಿಯಮ್ಮ ಮಂಡಿಯ ಪಟ್ಟಿ ಬಿಚ್ಚಿ ಎದ್ದು ನಿಂತರು.

"ಕಾರು ತೆಗಿ ರಂಜನಿ. ಇವತ್ತಿನ ವ್ಯಾಯಾಮ ಮೆಟ್ಟಿಲು ಹತ್ತಿ ಮಾಡೋಣ."

ಬಳಗದ ಕಟ್ಟಡದ ಮಹಡಿಯ ಕೋಣೆಯಲ್ಲಿ ಪ್ರದರ್ಶನವಿತ್ತು. ಕೆಳಗಿನ ಸಭಾಂಗಣದಲ್ಲಿ ಹೂವು ಕಟ್ಟುವವರ ಗದ್ದಲ. ಮೇಲೆ ಗಿರಿಧರ್ ಅತ್ತಿಂದಿತ್ತ ಶತಪಥ ತುಳಿಯುತ್ತಿದ್ದರು. ಐವತ್ತು ದಾಟಿದ, ಗಿಡ್ಡನೆಯ, ದುಂಡು ಮೈಯ ಮನುಷ್ಯ. ಕೈಯಲ್ಲಿ ಸಂಜೆಯ ಭಾಷಣದ ಹಾಳೆ. ಮಾತು ಕನ್ನಡ, ಅಕ್ಷರ ಇಂಗ್ಲಿಷ್.

"ಇನ್ನೂ ಏನು ನೋಡೋದು ಮೇಡಂ? ಗೇಟಿನ ಕ್ಯಾಮೆರಾದಲ್ಲಿ ಆಕೆ ಮುಖ ಇದೆ. ಕೈಯಲ್ಲಿ ದೊಡ್ಡ ಬ್ಯಾಗ್ ಇದೆ."

"ನಿನ್ನೆ ಈ ಗೇಟಿನಲ್ಲಿ ಬ್ಯಾಗ್ ಇಲ್ಲದೆ ಹೋದವರು ಯಾರಿದ್ದಾರೆ?" ಎಂದು ಚಂದ್ರಮತಿಯಮ್ಮ ಕೇಳಿದರು. "ನೀವು ಎಷ್ಟು ಹೊತ್ತಿಗೆ ಹೋದಿರಿ?"

"ನಾಲ್ಕಕ್ಕೇ. ಮಹಾಬಲಿಪುರದಲ್ಲಿ ಒಂದು ಮದುವೆ, ಅಲ್ಲೇ ಉಳಿದೆ. ಬೆಳಿಗ್ಗೆ ವಂದನಾ ಫೋನ್ ಮಾಡಿದ ಮೇಲೆ ಬಂದೆ. ಇನ್ನೂರು ಜನ ನನ್ನ ನೋಡಿದ್ದಾರೆ." ಅವರ ದನಿ ಸ್ವಲ್ಪ ಇಳಿಯಿತು. "ಅದು ಅಪ್ಪನ ಕೈಬರಹ ಮೇಡಂ. ನನಗೆ ಕನ್ನಡ ಓದೋಕೆ ಬರಲ್ಲ, ಓದಿದ್ದೆಲ್ಲ ತಮಿಳು, ಇಂಗ್ಲಿಷು. ಆದರೂ ಅಪ್ಪ ಹೋದ ಮೇಲೆ ಆಗಾಗ ಅದನ್ನ ತೆಗೆದು ಸುಮ್ಮನೆ ನೋಡ್ತಾ ಕೂರ್ತಿದ್ದೆ. ಅಂಚಿನಲ್ಲಿ ಕೆಂಪು ಬಳಪದಲ್ಲಿ ಒಂದು ಮೀನು ಇದೆ. ನಾನೇ ಚಿಕ್ಕವನಿದ್ದಾಗ ಗೀಚಿದ್ದಿರಬೇಕು."

ಕಾವಲು ನೋಡಿಕೊಳ್ಳುವ ಮಂಜುನಾಥ್ ಗೋಡೆಗೆ ಒರಗಿ ನಿಂತಿದ್ದ. ಮಂಡ್ಯದ ಕಡೆಯವನು, ಚೆನ್ನೈಗೆ ಬಂದು ಎಂಟು ತಿಂಗಳು. ಮೊದಲ ಅನುಮಾನ ತನ್ನ ಮೇಲೇ ಬರುವುದೆಂದು ಅವನ ಮುಖ ಆಗಲೇ ಬಾಡಿತ್ತು.

"ಕೀಲಿ ಎಲ್ಲಿರುತ್ತಪ್ಪ?"

"ಆಫೀಸ್ ರೂಮಲ್ಲಿ, ಮೊಳೆಗೆ. ಭಾನುವಾರದ ಕ್ಲಾಸಿಗೆ ಬರೋ ಮಕ್ಳು ಕೀಲಿ ತಗಂಡು ಆಡ್ತವೆ ಅಂತ ಎತ್ರದಲ್ಲಿ ಹೊಡ್ದಿವ್ನಿ. ನಾನೇ ಕೋಲಲ್ಲಿ ತೆಗೀಬೇಕು. ನಿನ್ನೆ ಆ ಕೋಲು ಸ್ಟೋರಲ್ಲಿತ್ತು, ಸ್ಟೋರಿನ ಕೀಲಿ ನನ್ ಸೊಂಟದಲ್ಲಿತ್ತು. ಕುರ್ಚಿ ಎಲ್ಲಾ ಕೆಳಗೆ ಹಾಲಿಗೆ ಹೋಗಿದ್ವು, ಒಂದ್ ಬೆಂಚು ಬಿಟ್ರೆ. ಬೆಳಿಗ್ಗೆ ನೋಡುದ್ರೆ ಕೀಲಿ ಮೊಳೇಲೇ ಅದೆ."

"ಆಕೆ ಬರೆದ ಹಾಳೆ ನೀನು ಓದಿದೆಯಾ?"

"ಅಯ್ಯೋ, ನಂಗೆ ತಮಿಳು ಒಂದಕ್ಷರ ಬರಕಿಲ್ಲ ಅಮ್ಮಾವ್ರೇ. ಬಸ್ಸು ಕೂಡ ನಂಬರ್ ನೋಡ್ಕಂಡು ಹತ್ತೋನು ನಾನು. ಅಲ್ಲಿ ಬರ್ದಿದ್ದು ತಮಿಳೇ, ಅಷ್ಟ್ ಗೊತ್ತು. ಗುಂಡ್‌ಗುಂಡಗೆ ಅಲ್ಲ, ಮೂಲೆಮೂಲೆ ಅಕ್ಷರ."

ಅಭಿಪ್ರಾಯ ಪುಸ್ತಕದಲ್ಲಿ ಹಾಳೆ ಹರಿದ ಗುರುತನ್ನು ರಂಜನಿ ಬೆರಳಾಡಿಸಿ ನೋಡಿದಳು. ಕಿತ್ತದ್ದಲ್ಲ, ಮಡಚಿ, ಉಗುರಿನಿಂದ ಗೆರೆ ಎಳೆದು, ನಿಧಾನವಾಗಿ ಬಿಡಿಸಿದ್ದು. ಹಿಂದಿನ ಹಾಳೆಗಳಲ್ಲಿ 'ಬಹಳ ಚೆನ್ನಾಗಿದೆ', 'ಅಭಿನಂದನೆಗಳು' ಎಂಬ ಕನ್ನಡದ ಸಾಲುಗಳು ಹಾಗೇ ಇದ್ದವು.

ಆಗ ಬಾಗಿಲ ಚೌಕಟ್ಟಿಗೆ ಹಣೆ ತಾಗದಂತೆ ಬಗ್ಗಿಕೊಂಡು ಒಬ್ಬ ಹಿರಿಯರು ಒಳಗೆ ಬಂದರು. ಹೆಗಲಿಗೆ ಬಟ್ಟೆಯ ಜೋಳಿಗೆ, ಹಲಗೆಯಂಥ ಅಂಗೈ. ಗೋಲ್‌ಕೀಪರ್ ಜಯರಾಮರನ್ನು ಯಾರೂ ರಂಜನಿಗೆ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ. ಗೋಡೆಯ ಮೇಲಿನ ದೊಡ್ಡ ಫೋಟೋದಲ್ಲಿ ಅದೇ ಅಂಗೈಗಳು ಗಾಳಿಯಲ್ಲಿ ಚೆಂಡು ಹಿಡಿದಿದ್ದವು.

"ಅಡಡಾ, ಚಂದ್ರಮತಿ! ನಿನ್ನನ್ನೂ ಎಳೆದು ತಂದರಾ?"

"ಬನ್ನಿ ಅಣ್ಣಾ. ನಿನ್ನೆ ಸಂಜೆ ನೀವು ಇಲ್ಲೇ ಇದ್ದಿರಂತೆ?"

"ನಾನು ಎಲ್ಲಿಗೆ ಹೋಗಲಿ ಮಾ? ಹುಟ್ಟಿದ್ದು ಹಿಂದಿನ ಬೀದಿ, ಇವತ್ತಿಗೂ ಅದೇ ಮನೆ. ದಿನಾ ಸಂಜೆ ಇಲ್ಲಿಯ ಕಾಫಿ, ಇಲ್ಲಿಯ ಪೇಪರು. ಏಳಕ್ಕೆ ಮಂಜುನಾಥ ದೀಪ ಆರಿಸಿದ, ಹೊರಟೆ." ಅವರು ಖಾಲಿ ಪೆಟ್ಟಿಗೆಯ ಕಡೆ ನೋಡಲಿಲ್ಲ. "ಪಾಪ, ಆ ಹೆಂಗಸನ್ನ ಪೊಲೀಸರ ಕೈಗೆ ಕೊಡಬೇಡಿ ಅಂತ ಗಿರಿಗೆ ಬೆಳಿಗ್ಗೆಯಿಂದ ಹೇಳ್ತಾನೇ ಇದ್ದೀನಿ. ಕೇಳಲ್ಲ."

ಚಂದ್ರಮತಿಯಮ್ಮ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು. ಹಿತ್ತಾಳೆಯ ಅಲೆದೀಪ, ಬೆಳ್ಳಿ ಪದಕ, ನಡುವೆ ಖಾಲಿ ಜಾಗ.

"ವಂದನಾ, ನಿನ್ನೆ ಮಧ್ಯಾಹ್ನ ತೆಗೆದ ಫೋಟೋ ಇದೆಯಾ? ರಂಜನಿ, ಆ ಫೋಟೋ ನೋಡಿ, ಈ ಪೆಟ್ಟಿಗೆ ನೋಡಿ, ಏನೇನು ಇಲ್ಲ ಹೇಳು."

ರಂಜನಿ ಫೋನಿನ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿದಳು. ತೆರೆದ ನೋಟುಪುಸ್ತಕ, ಪೆನ್ಸಿಲಿನ ಚಿತ್ರ, ಅಂಚಿನಲ್ಲಿ ಕೆಂಪು ಮೀನು. "ಪುಸ್ತಕದ ಅಡಿಯಲ್ಲಿ ಒಂದು ಹಳೇ ಕಂದು ಲಕೋಟೆ ಇತ್ತು. ಅದೂ ಇಲ್ಲ."

"ಓ, ಅದು ಪುಸ್ತಕದ ಜೊತೆ ಬಂದಿದ್ದ ಕವರು," ಎಂದರು ಗಿರಿಧರ್. "ಅಪ್ಪ ಯಾಕೋ ಅದನ್ನೂ ಜೋಪಾನ ಮಾಡಿದ್ದರು. ಮೇಲಿನ ವಿಳಾಸ ನೆಂದು ಅಳಿಸಿಹೋಗಿದೆ, 'ಎಂ. ಜಯರಾಮ್, ಮದರಾಸು' ಅನ್ನೋದು ಮಾತ್ರ ಓದಬಹುದು. ಚೆನ್ನಾಗಿ ಕಾಣಲ್ಲ ಅಂತ ಹಿಂಬದಿ ಮೇಲೆ ಮಾಡಿ ಪುಸ್ತಕದ ಅಡಿ ಇಟ್ಟಿದ್ದೆ."

"ಹಿಂಬದಿಯಲ್ಲಿ ಏನಾದರೂ ಕಾಣುತ್ತಾ ರಂಜನಿ?"

"ಒಂದು ಅಂಚೆ ಮುದ್ರೆ, ಅರ್ಧ ಮಾತ್ರ. ಇಂಗ್ಲಿಷಿನಲ್ಲಿ 'ನುಂಗಂ' ಅಂತ. ವರ್ಷ ಎಪ್ಪತ್ತೆಂಟು."

ನಾವು ನಿಂತಿರುವುದೇ ನುಂಗಂಬಾಕ್ಕಂನಲ್ಲಿ, ಅದರಲ್ಲಿ ಏನು ವಿಶೇಷ ಎಂದು ರಂಜನಿಗೆ ಅನ್ನಿಸಿತು. ಚಂದ್ರಮತಿಯಮ್ಮ ಮಾತ್ರ ಬಿಸಿ ಕಾಫಿಯ ಮೊದಲ ಗುಟುಕು ಕುಡಿದವರಂತೆ ಕಣ್ಣು ಮುಚ್ಚಿ ತೆರೆದರು.

"ಗಿರಿಧರ್, ನಿಮ್ಮ ತಂದೆಯವರ ಮನೆ ಮೊದಲಿಂದಲೂ ಅಡ್ಯಾರೇ ತಾನೇ? ದೀಪದ ಬಗ್ಗೆ ಅವರು ಬರೆದ ಮೊದಲ ವರದಿ ಮನೆಯಲ್ಲಿದ್ದರೆ ಸಂಜೆ ನಾಲ್ಕೂವರೆಗೆ ತೆಗೆದುಕೊಂಡು ಬನ್ನಿ. ಅಲ್ಲಿವರೆಗೂ ಪೊಲೀಸರು ಬೇಡ."

"ಹೌದು, ಅಡ್ಯಾರೇ. ನಾಲ್ಕೂವರೆ. ಅದಕ್ಕಿಂತ ಒಂದು ನಿಮಿಷ ಹೆಚ್ಚಿಲ್ಲ," ಎಂದರು ಗಿರಿಧರ್.

ಕಾಸಿಮೇಡಿನ ಮೀನುಗಾರಿಕೆ ಬಂದರಿಗೆ ಹೋಗುವಷ್ಟರಲ್ಲಿ ಹನ್ನೊಂದೂವರೆ. ಬೆಳಗಿನ ಮೀನಿನ ಹರಾಜು ಮುಗಿದು ಬಹಳ ಹೊತ್ತಾಗಿತ್ತು. ನೆಲವೆಲ್ಲ ಒದ್ದೆ, ಕರಗಿದ ಐಸು, ಬಲೆ ಹೊಲಿಯುವವರ ನೆರಳು. ನಿನ್ನೆ ನುಂಗಂಬಾಕ್ಕಂಗೆ ಹೋಗಿಬಂದ ಇಡ್ಲಿ ಅಂಗಡಿಯ ಅಕ್ಕ ಯಾರೆಂದು ಚಂದ್ರಮತಿಯಮ್ಮ ತಮಿಳಿನಲ್ಲಿ ಒಬ್ಬನನ್ನು ಕೇಳಿದರು. ಅವನು ಬಲೆಯಿಂದ ತಲೆ ಎತ್ತದೆ ಕೈ ತೋರಿಸಿದ.

ತಗಡಿನ ಸೂರಿನ ಕೆಳಗೆ ಪಾತ್ರೆ ತೊಳೆಯುತ್ತಿದ್ದ ಜಯಲಕ್ಷ್ಮಿಗೆ ಐವತ್ತೆಂಟರ ವಯಸ್ಸು. ಕುಳ್ಳಗೆ, ಚುರುಕಾಗಿದ್ದಳು. ನುಂಗಂಬಾಕ್ಕಂ ಎಂದ ಕೂಡಲೇ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು.

"ಬುಕ್ ಕೊಡ್ತಾರಾ?" ಎಂಬುದೇ ಅವಳ ಮೊದಲ ಮಾತು.

ಕಳುವಾಗಿದೆ ಎಂದು ಹೇಳಿದಾಗ ಅವಳ ಮುಖ ಕಪ್ಪಿಟ್ಟದ್ದನ್ನು ರಂಜನಿ ನೋಡಿದಳು. ಸಿಕ್ಕಿಬಿದ್ದವಳ ಭಯ ಅದಾಗಿರಲಿಲ್ಲ. ಎರಡನೆಯ ಸಲ ಕಳೆದುಕೊಂಡವಳ ದುಃಖ.

"ನಮ್ಮಪ್ಪನ ಹೆಸರೂ ಜಯರಾಮ," ಎಂದಳು ಜಯಲಕ್ಷ್ಮಿ, ತಮಿಳು ಬೆರೆತ ಕನ್ನಡದಲ್ಲಿ, ಪದ ಹುಡುಕಿ ಹುಡುಕಿ. "ಮದ್ದೂರು ಊರು. ಇಲ್ಲಿ ಬೋಟ್ ಇಂಜಿನ್ ರಿಪೇರಿ ಪಣ್ಣಿಕೊಂಡು ಇದ್ರು. ಮೆಕ್ಯಾನಿಕ್ ಜಯರಾಮ ಅಂದ್ರೆ ಹಾರ್ಬರ್ ಪೂರಾ ಗೊತ್ತು. ಅವರ ಸ್ನೇಹಿತ ಒಬ್ಬರು ಕತ್ತಲೇಲಿ ಬೋಟಿಂದ ಬಿದ್ದು ಹೋದ್ರು. ಕೂಗೋದು ಕೇಳ್ತಿತ್ತಂತೆ, ಆಳು ಮಾತ್ರ ಕಾಣಲಿಲ್ಲ. ಅದಕ್ಕೇ ಅಪ್ಪ ಆ ದೀಪ ಮಾಡಿದ್ದು. ನಾನು ಪಕ್ಕದಲ್ಲೇ ಕೂತು ಮೀನು ಬರೆದೆ, ಚೆವಪ್ಪು, ಕೆಂಪು ಬಣ್ಣದಲ್ಲಿ. ಬುಕ್ಕನ್ನ ಡೆಲ್ಲಿ ಗವರ್ಮೆಂಟ್ ಆಫೀಸಿಗೆ ಕಳಿಸಿದ್ರು. ಉತ್ತರ ಬರಲೇ ಇಲ್ಲ. ದಿನಾ ಪೋಸ್ಟ್ ಆಫೀಸಿಗೆ ಹೋಗಿ ಕೇಳೋರು. ಮುಂದಿನ ವರ್ಷ ಜ್ವರ ಬಂದು ಅಪ್ಪ ತೀರಿಹೋದ್ರು. ಅಮ್ಮ ನಮ್ಮನ್ನ ಕರ್ಕೊಂಡು ಪಳವೇರ್ಕಾಡಿನ ಮಾವನ ಮನೆಗೆ ಹೋದ್ರು. ನಾನು ಮದುವೆ ಆದ ಮೇಲೇ ಇಲ್ಲಿಗೆ ತಿರುಗಿ ಬಂದದ್ದು."

"ಆ ಅಲೆದೀಪ ಇಲ್ಲೆಲ್ಲ ಇರುತ್ತಲ್ಲ? ಯಾರನ್ನೂ ಕೇಳಲಿಲ್ಲವಾ?"

"ಕೇಳಿದೆ. ಯಾರೋ ಜಯರಾಮ್ ಅನ್ನೋ ದೊಡ್ಡ ಪ್ರೊಫೆಸರ್ ಮಾಡಿದ್ದು ಅಂದ್ರು. ನಮ್ಮಪ್ಪ ಪ್ರೊಫೆಸರ್ ಅಲ್ಲವಲ್ಲ. ಹೆಸರು ಒಂದೇ ಇದ್ರೆ ಯಾರು ನಂಬ್ತಾರೆ? ನಿನ್ನೆ ಪೇಪರಲ್ಲಿ ಆ ಚಿತ್ರ ನೋಡಿದೆ, ಓಡಿ ಬಂದೆ. ನನ್ನ ಮೀನು ಅಲ್ಲೇ ಇತ್ತು."

"ಹಾಳೆಯಲ್ಲಿ ಏನು ಬರೆದೆಯಮ್ಮಾ?"

"ಇದು ನನ್ನ ಅಪ್ಪನ ಬುಕ್, ಮೀನು ನಾನು ಬರೆದದ್ದು, ಒಂದು ಸಲ ಕೈಯಲ್ಲಿ ಹಿಡಿದು ನೋಡಬೇಕು ಅಂತ. ಎಪ್ಪತ್ತೆಂಟರಲ್ಲಿ ಪೋಸ್ಟಲ್ಲಿ ಕಳೆದುಹೋಯ್ತು ಅಂತಲೂ ಬರೆದೆ. ಕೆಳಗೆ ನನ್ನ ಹೆಸರು, ವಿಳಾಸ. ತಮಿಳಲ್ಲಿ. ನನಗೆ ಕನ್ನಡ ಬರೆಯೋಕೆ ಓದೋಕೆ ಬರಲ್ಲ."

ಚಂದ್ರಮತಿಯಮ್ಮ ಅವಳ ಒದ್ದೆ ಕೈ ಹಿಡಿದರು. "ಸಂಜೆ ನಾಲ್ಕೂವರೆಗೆ ನನ್ನ ಜೊತೆ ಬಾ. ಹೆದರಬೇಡ."

ವಾಪಸು ಬರುವಾಗ ಸಿಗ್ನಲ್ಲಿನಲ್ಲಿ ರಂಜನಿಗೆ ತಡೆಯಲಾಗಲಿಲ್ಲ. "ಗಿರಿಧರ್ ಅವರೇ ಅಲ್ಲವಾ ಅಮ್ಮ? ತಂದೆಯ ಹೆಸರು ಹಾಳಾಗುತ್ತೆ ಅನ್ನೋ ಭಯ ಅವರಿಗಲ್ಲದೆ ಇನ್ಯಾರಿಗೆ?"

"ಆಗ ಅವರು ಇನ್ನೂರು ಜನರ ಮುಂದೆ ಮದುವೆ ಊಟ ಮಾಡ್ತಿದ್ದರು. ಆಕೆ ಬಂದದ್ದೇ ಅವರಿಗೆ ಗೊತ್ತಿರಲಿಲ್ಲ. ಆ ಲಕೋಟೆ ಯಾರಿಗೆ ಬೇಕಾಗಿತ್ತು ಅಂತ ಯೋಚನೆ ಮಾಡು, ಸಾಕು. ಹಸಿರು ಬಂತು, ಹೋಗು."

ನಾಲ್ಕೂವರೆಗೆ ಬಳಗದ ಆಫೀಸ್ ಕೋಣೆಯಲ್ಲಿ ಏಳು ಜನ ಸೇರಿದರು. ಕುರ್ಚಿಗಳನ್ನು ಮಂಜುನಾಥ್ ಕೆಳಗಿನಿಂದ ತಂದು ಹಾಕಿದ್ದ. ಜಯಲಕ್ಷ್ಮಿಯನ್ನು ಕಂಡ ಕೂಡಲೇ ಗಿರಿಧರ್ ಮುಖ ತಿರುಗಿಸಿದರು. ಅವರ ತೊಡೆಯ ಮೇಲೆ ಹಳದಿಗಟ್ಟಿದ ವರದಿ ಇತ್ತು. ಗೋಲ್‌ಕೀಪರ್ ಜಯರಾಮರು ಬೆಂಚಿನ ಮೇಲೆ ಜೋಳಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು.

"ಕಳ್ಳ ಏನು ಬಿಟ್ಟು ಹೋದ ಅನ್ನೋದರಿಂದ ಶುರು ಮಾಡೋಣ," ಎಂದರು ಚಂದ್ರಮತಿಯಮ್ಮ. "ಬೆಳ್ಳಿ ಪದಕ ಬಿಟ್ಟ. ಹಾಗಾದರೆ ಮಾರೋಕೆ ತೆಗೆದದ್ದಲ್ಲ. ಬೀಗ ಹಾಕಿ ಕೀಲಿಯನ್ನ ಅದರ ಮೊಳೆಗೇ ಸಿಕ್ಕಿಸಿದ. ಹೊರಗಿನವರಿಗೆ ಆ ಮೊಳೆ ಗೊತ್ತಿರಲ್ಲ. ಮಂಜುನಾಥ, ಆ ಕೀಲಿ ತೆಗಿಯಪ್ಪ, ಕೋಲಿಲ್ಲದೆ."

ಮಂಜುನಾಥ್ ತುದಿಗಾಲಲ್ಲಿ ನಿಂತು ಕೈ ಚಾಚಿದ. ಗೇಣುದ್ದ ಸಾಲದೆ ಬಂತು.

"ಬೆಂಚು ಎಳೆದು ಹತ್ತಬಹುದು, ಆದ್ದರಿಂದ ಇದೊಂದೇ ಸಾಕ್ಷಿಯಾಗಲ್ಲ. ಒಂದು ಪಕ್ಕಕ್ಕಿರಲಿ. ಈಗ ಹರಿದ ಹಾಳೆ. ಈಕೆಯೇ ಹರಿದಳು ಅಂತ ಗಿರಿಧರ್ ಹೇಳ್ತಾರೆ. ಹೆಸರು, ವಿಳಾಸ ಬರೆದು ತಾನೇ ಹರಿಯೋ ಕಳ್ಳಿ ಬರೆಯೋದಾದರೂ ಯಾಕೆ? ಬೇರೆ ಯಾರೋ ಹರಿದದ್ದು. ಅಲ್ಲಿದ್ದದ್ದು ತಮಿಳು. ಅದರಲ್ಲಿ ಏನಿದೆ ಅಂತ ತಿಳಿಯದವರಿಗೆ ಆ ಹಾಳೆಯ ಗೊಡವೆ ಬೇಕಿಲ್ಲ. ವಂದನಾಗೆ ತಮಿಳು ಓದೋಕೆ ಬರಲ್ಲ, ಮಂಜುನಾಥನಿಗೂ ಬರಲ್ಲ. ಗಿರಿಧರ್‌ಗೆ ಬರುತ್ತೆ, ಆದರೆ ಅವರು ಊರಲ್ಲೇ ಇರಲಿಲ್ಲ."

ರಂಜನಿಗೆ ತಟ್ಟನೆ ಅರ್ಥವಾಯಿತು. ಅರ್ಥವಾದದ್ದಕ್ಕೆ ಸಂಕಟವೂ ಆಯಿತು.

"ಕೊನೆಯದು ಲಕೋಟೆ. ಯಾರಿಗೂ ಬೇಡದ ಹರಕು ಕಾಗದ. ನಾನು ಮೂವತ್ತನಾಲ್ಕು ವರ್ಷ ನೋಡಿದ್ದು ಅದನ್ನೇ. ರಿಜಿಸ್ಟರ್ ಮಾಡಿದ ಕಾಗದಕ್ಕೆ ಎರಡು ಕಡೆ ಮುದ್ರೆ ಬೀಳ್ತಿತ್ತು, ಹೊರಟ ಊರಲ್ಲಿ ಮುಂದೆ, ಬಟವಾಡೆಯಾಗೋ ಕಚೇರಿಯಲ್ಲಿ ಹಿಂದೆ. ಅಡ್ಯಾರಿನ ಪ್ರೊಫೆಸರರಿಗೆ ಬಂದಿದ್ದರೆ ಹಿಂದೆ ಅಡ್ಯಾರ್ ಅಂತ ಇರಬೇಕಿತ್ತು. ಕಾಸಿಮೇಡಿನ ಮೆಕ್ಯಾನಿಕ್ಕಿಗೆ ಬಂದಿದ್ದರೆ ಆ ಕಡೆಯ ಮುದ್ರೆ. ಇಲ್ಲಿರೋದು ನುಂಗಂಬಾಕ್ಕಂ." ಅವರು ಬೆಂಚಿನ ಕಡೆ ತಿರುಗಿದರು. "ಈಕೆಯ ಅಪ್ಪ ಡೆಲ್ಲಿಗೆ ಕಳಿಸಿದ ಪುಸ್ತಕ ಅಲ್ಲಿಂದ ವಾಪಸು ಬರುವಾಗ ವಿಳಾಸ ಮಳೆಯಲ್ಲಿ ನೆಂದು, ಬರೀ 'ಎಂ. ಜಯರಾಮ್, ಮದರಾಸು' ಅಂತ ಉಳಿದರೆ ಅಂಚೆಯವನು ಏನು ಮಾಡ್ತಾನೆ? ಒಂದೇ ಹೆಸರಿಗೆ ನಾಲ್ಕು ಮನೆ ಇದ್ದರೆ, ಹೆಸರಾಂತವನ ಮನೆಗೇ ಹೋಗ್ತಾನೆ. ಎಪ್ಪತ್ತೆಂಟರಲ್ಲಿ ದಿನಾ ಪೇಪರಿನಲ್ಲಿ ಬರ್ತಿದ್ದ ಎಂ. ಜಯರಾಮ ಯಾರು? ಹಿಂದಿನ ಬೀದಿಯವರು."

ಗೋಲ್‌ಕೀಪರ್ ಜಯರಾಮರು ಎದ್ದು ನಿಂತರು. ತಲೆಯ ಮೇಲಿದ್ದ ಮೊಳೆ ಅವರ ಕಣ್ಣಿಗಿಂತ ಒಂದು ಮೊಳವಷ್ಟೇ ಎತ್ತರದಲ್ಲಿತ್ತು. ಜೋಳಿಗೆಯಿಂದ ಅವರು ನೋಟುಪುಸ್ತಕ ತೆಗೆದರು, ಲಕೋಟೆ ತೆಗೆದರು, ನಾಲ್ಕಾಗಿ ಮಡಚಿದ ಹಾಳೆ ತೆಗೆದರು. ಮೂರನ್ನೂ ಮೇಜಿನ ಮೇಲಿಟ್ಟರು.

"ಬೆಳಿಗ್ಗೆಯೇ ಇಟ್ಟುಬಿಡೋಣ ಅಂತಲೇ ಬಂದೆ. ಧೈರ್ಯ ಸಾಲಲಿಲ್ಲ," ಎಂದರು. "ಆ ಕಾಲದಲ್ಲಿ ನನಗೆ ದಿನಕ್ಕೆ ಹತ್ತು ಕಾಗದ ಬರ್ತಿತ್ತು ಮಾ. ಇದನ್ನೂ ಸಹಿ ಮಾಡಿ ತಗೊಂಡೆ, ಒಡೆದೆ. ಏನೋ ತಂತಿ, ಬಟ್ಟಲು, ಚಿತ್ರ. ಇದು ನಮ್ಮ ಅಡ್ಯಾರ್ ಜಯರಾಮನಿಗೆ ಸೇರಬೇಕಾದ್ದು ಅಂದುಕೊಂಡೆ. ನಮ್ಮಿಬ್ಬರ ಕಾಗದ ಅದಲುಬದಲು ಆಗೋದು ಮಾಮೂಲು. ಸೈಕಲ್ಲಲ್ಲಿ ಹೋಗಿ ಅವನ ಮನೆಯಲ್ಲಿ ಕೊಟ್ಟು ಬಂದೆ. ಅವನಿರಲಿಲ್ಲ, ನಾನು ನನ್ನ ಹೆಸರೂ ಹೇಳಲಿಲ್ಲ. ಮಾರನೇ ದಿನ ಪಂದ್ಯಕ್ಕೆ ಕಲ್ಕತ್ತೆಗೆ ಹೊರಟೆ, ಮರೆತೇಬಿಟ್ಟೆ. ದೀಪಕ್ಕೆ ಹೆಸರು ಬಂದಾಗ ನಾನೇ ಅವನಿಗೆ ಹಾರ ಹಾಕಿದೆ. ಎರಡನ್ನೂ ಸೇರಿಸಿ ನೋಡಿದ್ದು ನಿನ್ನೆ ಸಂಜೆ, ಈಕೆ ಬರೆದದ್ದು ಓದಿದಾಗ. ಪೆಟ್ಟಿಗೆಯಲ್ಲಿ ಆ ಕವರು ಕಂಡಿತು. ನೆನಪಾಯಿತು."

"ಸುಟ್ಟುಬಿಡಬೇಕು ಅಂತ ತೆಗೆದಿರಾ ಅಂಕಲ್?" ಎಂದರು ಗಿರಿಧರ್.

"ಇಲ್ಲಪ್ಪ. ಇವತ್ತಿನ ಸಮಾರಂಭ ಒಂದು ಮುಗಿಯಲಿ, ನಿನ್ನ ಅಪ್ಪನ ಹೆಸರಿಗೆ ಈ ದಿನ ಮಸಿ ಬೇಡ, ನಾಳೆ ನಾನೇ ಕಾಸಿಮೇಡಿಗೆ ಹೋಗಿ ಈಕೆ ಕೈಗೆ ಕೊಡ್ತೀನಿ ಅಂತ ಇದ್ದೆ. ಹಾಳೆ ತಗೊಂಡದ್ದು ವಿಳಾಸಕ್ಕೆ. ಆದರೆ ನೀನು ಕಳ್ಳತನ ಅಂತ ಈಕೆ ಮೇಲೆ ಹಾಕಿದಾಗಲೂ ನಾನು ಬಾಯಿ ಬಿಡಲಿಲ್ಲವಲ್ಲ, ಅದಕ್ಕೆ ಯಾವ ಸಮಜಾಯಿಷಿಯೂ ಇಲ್ಲ." ಅವರು ಜಯಲಕ್ಷ್ಮಿಯ ಕಡೆ ತಿರುಗಿ ಆ ದೊಡ್ಡ ಕೈಗಳನ್ನು ಜೋಡಿಸಿದರು. "ನಿಮ್ಮಪ್ಪ ದಿನಾ ಪೋಸ್ಟ್ ಆಫೀಸಿಗೆ ಹೋಗ್ತಿದ್ದರಂತೆ. ಅವರು ಕಾಯ್ತಿದ್ದದ್ದು ನನ್ನ ಕೈಯಲ್ಲಿತ್ತು ತಾಯಿ."

ಜಯಲಕ್ಷ್ಮಿ ಮೇಜಿನ ಹತ್ತಿರ ಸರಿದಳು. ಅವಳ ಕಣ್ಣು ಪುಸ್ತಕದ ಮೇಲಿತ್ತು.

"ಹಾಗಾದರೆ ನಮ್ಮಪ್ಪ ಬೇರೆಯವರದ್ದನ್ನ ತನ್ನದು ಅಂತ ಹೇಳಿಕೊಂಡರಾ?" ಎಂದರು ಗಿರಿಧರ್. ಅಷ್ಟು ಹೊತ್ತು ಗುಡುಗುತ್ತಿದ್ದ ಮನುಷ್ಯ ಒಮ್ಮೆಲೇ ಚಿಕ್ಕ ಹುಡುಗನಂತೆ ಕಂಡರು.

"ಅದಕ್ಕೇ ವರದಿ ತರಹೇಳಿದ್ದು. ಬೇರೆಯವರ ಲಕೋಟೆಯನ್ನ ಜನ್ಮವಿಡೀ ಜೋಪಾನ ಮಾಡೋ ಮನುಷ್ಯ ಕಳ್ಳನಾಗಿರಲ್ಲ ಅಂತ ನನ್ನ ಊಹೆ. ಊಹೆ ಅಷ್ಟೇ. ಮೊದಲ ಪುಟ, ಕೊನೆಯ ಪುಟ ನೋಡಿ. ಋಣ ಇದ್ದವರು ಬರೆಯೋದು ಅಲ್ಲೇ."

ಗಿರಿಧರ್ ಹಾಳೆ ಮಗುಚಿದರು. ಮೊದಲ ಪುಟದಲ್ಲಿ ಏನೂ ಇರಲಿಲ್ಲ. ಕೊನೆಯ ಪುಟದಲ್ಲಿ, ಕೋಷ್ಟಕಗಳ ಕೆಳಗೆ, ಸಣ್ಣ ಅಕ್ಷರದ ಇಂಗ್ಲಿಷ್ ಟಿಪ್ಪಣಿಯೊಂದಿತ್ತು. ಅವರು ಮನಸ್ಸಿನಲ್ಲೇ ಓದಿಕೊಂಡರು. ಆಮೇಲೆ ತಡೆದು ತಡೆದು ಕನ್ನಡದಲ್ಲಿ ಹೇಳಿದರು.

"'ಈ ದೀಪದ ಮೂಲ ವಿಚಾರ ನನ್ನದಲ್ಲ. ನನ್ನದೇ ಹೆಸರಿನ, ನಾನು ಕಾಣದ ಒಬ್ಬರ ಪುಸ್ತಕ ನನ್ನ ಮನೆಗೆ ಬಂತು. ಅದರಲ್ಲಿ ಕಾಸಿಮೇಡಿನ ಪ್ರಸ್ತಾಪವಿತ್ತು, ಅಲ್ಲಿ ವಿಚಾರಿಸಿದೆ. ಅವರು ತೀರಿಕೊಂಡಿದ್ದರು, ಮನೆಯವರು ಊರು ಬಿಟ್ಟಿದ್ದರು. ಅವರ ಮಕ್ಕಳು ಎಂದಾದರೂ ಇದನ್ನು ಓದಿದರೆ ದಯವಿಟ್ಟು ನನ್ನನ್ನು ಕಾಣಬೇಕು.'"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಅಪ್ಪ ಇದನ್ನ ಬರೆದಿದ್ದರು. ಪೇಪರಿನವರೂ ಓದಲಿಲ್ಲ, ನಾನೂ ಓದಲಿಲ್ಲ. ಹೆಸರು ಒಂದೇ ಇತ್ತಲ್ಲ, ಯಾರಿಗೂ ಅನುಮಾನವೇ ಬರಲಿಲ್ಲ." ಎದ್ದು ಜಯಲಕ್ಷ್ಮಿಯ ಮುಂದೆ ಹೋಗಿ ನಿಂತರು. "ಅಕ್ಕಾ, ಬೆಳಿಗ್ಗೆಯಿಂದ ನಿಮ್ಮನ್ನ ಏನೇನೋ ಅಂದೆ. ಕ್ಷಮಿಸಿ. ಆ ಮೀನು ನಂದು ಅಂದುಕೊಂಡಿದ್ದೆ. ನಿಮ್ಮದು."

"ಪರವಾಗಿಲ್ಲೆ ತಂಬಿ," ಎಂದಳು ಜಯಲಕ್ಷ್ಮಿ. "ಮೀನು ಎಲ್ಲಾರ್ದೂ ಒಂದೇ ತರ ಇರುತ್ತೆ."

ವಂದನಾ ಗಡಿಯಾರ ನೋಡಿದರು. ಐದೂಕಾಲು. "ಮಂಜುನಾಥ, ಸ್ಟೋರಿನಲ್ಲಿ ಖಾಲಿ ಫಲಕ ಇದೆಯಾ?"

"ಅದೆ ಮೇಡಂ, ತತ್ತೀನಿ," ಎನ್ನುತ್ತಲೇ ಅವನು ಓಡಿದ.

ಮುದ್ರಣಕ್ಕೆ ಸಮಯವಿರಲಿಲ್ಲ. ವಂದನಾ ಕೈಯಲ್ಲೇ ದೊಡ್ಡಕ್ಷರದಲ್ಲಿ ಬರೆದರು: ಮೆಕ್ಯಾನಿಕ್ ಎಂ. ಜಯರಾಮ, ಕಾಸಿಮೇಡು. ಫೋಟೋ ಇರಬೇಕಾದ ಜಾಗ ಖಾಲಿ ಉಳಿಯಿತು. ವೇದಿಕೆಯ ಹಿಂದಿನ ಬಟ್ಟೆಯಲ್ಲಿ 'ಮೂರು ಹಿರಿಮೆ' ಎಂದಿದ್ದ ಕಡೆ ಮಂಜುನಾಥ್ ಒಂದು ಬಿಳಿ ಕಾಗದ ಅಂಟಿಸಿ 'ನಾಲ್ಕು' ಎಂದು ಬರೆದ. ಸ್ವಲ್ಪ ಸೊಟ್ಟಗಾಗಿತ್ತು, ಯಾರೂ ಸರಿ ಮಾಡಲು ಹೋಗಲಿಲ್ಲ.

ಆರು ಗಂಟೆಗೆ ಸಭೆ ತುಂಬಿತ್ತು. ಗಿರಿಧರ್ ಭಾಷಣದ ಹಾಳೆಯನ್ನು ಜೇಬಿಗೆ ಹಾಕಿಕೊಂಡು, ತಂದೆಯ ಟಿಪ್ಪಣಿಯನ್ನು ಮಾತ್ರ ಓದಿ ಕೆಳಗಿಳಿದರು. ಆಮೇಲೆ ಗೋಲ್‌ಕೀಪರ್ ಜಯರಾಮರು ಮೈಕಿನ ಮುಂದೆ ನಿಂತು, ತಾವು ಮಾಡಿದ ಎರಡು ತಪ್ಪುಗಳನ್ನೂ, ಹಳೆಯದನ್ನೂ ನಿನ್ನೆಯದನ್ನೂ, ಒಂದನ್ನೂ ಮುಚ್ಚಿಡದೆ ಹೇಳಿದರು. ತಮಗೆ ಹೊದಿಸಿದ ಶಾಲನ್ನು ಅವರು ಜಯಲಕ್ಷ್ಮಿಗೆ ಹೊದಿಸಿದಾಗ ಹಿಂದಿನ ಸಾಲಿನಲ್ಲಿ ಯಾರೋ ಎದ್ದು ನಿಂತರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ನಿಂತರು.

ಚಂದ್ರಮತಿಯಮ್ಮ ಮಾತ್ರ ಎದ್ದೇಳಲಿಲ್ಲ. "ಮಂಡಿ ಹಿಡಿದುಕೊಂಡಿದೆ ಮಾ," ಎಂದು ರಂಜನಿಯ ಕಿವಿಯಲ್ಲಿ ಹೇಳಿದರು. ಆದರೆ ಕಣ್ಣು ಒರೆಸಿಕೊಳ್ಳುತ್ತಿದ್ದದ್ದಕ್ಕೆ ಮಂಡಿ ಕಾರಣವಾಗಿರಲಿಲ್ಲ.

ಜನ ಕರಗಿದ ಮೇಲೆ ಗಿರಿಧರ್ ನೋಟುಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಜಯಲಕ್ಷ್ಮಿಗೆ ಕೊಟ್ಟರು. ಅವಳು ಅದನ್ನು ಮೊದಲು ಮೂಸಿ ನೋಡಿದಳು. ಪುಟ ತಿರುಗಿಸಿದಳು. ಚಿತ್ರಗಳ ನಡುನಡುವೆ ಒತ್ತೊತ್ತಾಗಿ ಕನ್ನಡದ ಸಾಲುಗಳು. ಅವುಗಳ ಮೇಲೆ ಬೆರಳಿಟ್ಟು ಅವಳು ತಲೆ ಎತ್ತಿದಳು.

"ಇದನ್ನ ನನಗೆ ಯಾರು ಓದಿ ಹೇಳ್ತಾರೆ?"

ಗೋಲ್‌ಕೀಪರ್ ಜಯರಾಮರು ಒಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕುಳಿತರು. ಕನ್ನಡಕ ಏರಿಸಿ, ಮೊದಲ ಪುಟ ತೆರೆದು, ಗಂಟಲು ಸರಿಮಾಡಿಕೊಂಡು ಓದತೊಡಗಿದರು.

"'ಇವತ್ತು ದೀಪ ಹತ್ತಿತು. ಉಪ್ಪುನೀರಿನ ಬಕೀಟಿಗೆ ಹಾಕಿದ್ದು ಜಯ. ಬೆಳಕು ಕಂಡ ಕೂಡಲೇ ಕೈ ತಟ್ಟಿ ಇನ್ನೊಂದು ಸಲ ಅಪ್ಪ ಅಂದಳು. ಹನ್ನೊಂದು ಸಲ ಮಾಡಿಸಿದಳು. ಹನ್ನೊಂದು ಸಲವೂ ಹತ್ತಿತು.'"